ಕೊಂಬಿನದು ಮತ್ತು ಮೂತಿಯದು

2005ರ ಜುಲೈನಲ್ಲಿ ಒಂದು ಬೆಳಿಗ್ಗೆ, ಅಂಕೋಲೆ ತಾಲ್ಲೂಕಿನ ಬೆಳಂಬಾರದಲ್ಲಿ, ನನ್ನ ಅಕ್ಕನ ಮನೆಯ ಬಾವಿಯ ಪಕ್ಕದ ತೆಂಗಿನ ಮರದ ತಲೆ ಮುರಿದು ಬಿತ್ತು. ಆ ಹೊತ್ತಿಗೆ ಮಳೆ ನಿಂತಿತ್ತು, ಗಾಳಿಯೂ ಇರಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ. ಬಾವಿಕಟ್ಟೆಯ ಮೇಲಿಟ್ಟಿದ್ದ ಹಿತ್ತಾಳೆ ಕೊಡ ಚಪ್ಪಟೆಯಾಯಿತು.

ನಾನು ಆಗ ಕಾರವಾರದಲ್ಲಿ ಒಂದು ದಿನಪತ್ರಿಕೆಯ ವರದಿಗಾರನಾಗಿದ್ದೆ. ನಮ್ಮದು ಮಾಜಾಳಿಯ ಮೀನುಗಾರರ ಮನೆ. ಅಕ್ಕನನ್ನು ಬೆಳಂಬಾರಕ್ಕೆ ಕೊಟ್ಟಿತ್ತು. ಬಾವ ಸಣ್ಣ ದೋಣಿಯಲ್ಲಿ ದಡದ ಆಸುಪಾಸಿನಲ್ಲೇ ಮೀನು ಹಿಡಿಯುತ್ತಿದ್ದರು. ಅಕ್ಕ ಅದನ್ನು ಅಂಕೋಲೆ ಪೇಟೆಗೆ ಒಯ್ದು ಮಾರುತ್ತಿದ್ದಳು. ಮರ ಬಿದ್ದ ಸುದ್ದಿಯನ್ನು ಫೋನಿನಲ್ಲಿ ಹೇಳುವಾಗ ಅವಳಿಗೆ ಕೊಡ ಹೋದದ್ದೇ ಹೆಚ್ಚು ಬೇಸರವಿದ್ದಂತೆ ಕೇಳಿಸಿತು. ಭಾನುವಾರ ಹೋದೆ.

ಬಿದ್ದ ತಲೆ ಅಂಗಳದಲ್ಲಿ ಹಾಗೇ ಇತ್ತು. ಬಾವ ಅದನ್ನು ಕತ್ತಿಯಿಂದ ಸೀಳಿ ತೋರಿಸಿದರು. ಒಳಗೆ ತಿರುಳು ಎನ್ನುವುದು ಉಳಿದಿರಲಿಲ್ಲ. ಒದ್ದೆ ನಾರಿನ ಮುದ್ದೆ, ಹಳಸಿದ ಕಳ್ಳಿನ ವಾಸನೆ, ಅದರೊಳಗೆ ಹೆಬ್ಬೆರಳು ಗಾತ್ರದ, ಕಾಲಿಲ್ಲದ, ಕೆನೆಬಣ್ಣದ ಹುಳುಗಳು. ಆದರೆ ಬಾವ ನೋಡುತ್ತಿದ್ದದ್ದು ಅವನ್ನಲ್ಲ. ಗರಿಗಳ ಬುಡದಲ್ಲಿ ಅವರೇ ತುರುಕಿದ್ದ ನೀಲಿ ನೈಲಾನ್ ಬಲೆಯ ಚೂರುಗಳನ್ನು. ಅವುಗಳಲ್ಲಿ ಕಪ್ಪು ದುಂಬಿಗಳು ಕೊಂಬು ಸಿಕ್ಕಿಸಿಕೊಂಡು ಒಣಗಿದ್ದವು.

"ಕಾಣು. ಹೋದ ವಾರದವರೆಗೂ ಬಲೆಗೆ ಬೀಳ್ತಾ ಇತ್ತು," ಎಂದರು. "ಇಷ್ಟು ಹುಳ ಹಿಡ್ದೆ ನಾನು. ಆದ್ರೂ ಮರ ಹೋಯ್ತು. ಹೆಂಗೆ?"

"ಬಲೆ ಹಾಕಿ ಹಾಕಿ ಮರನೇ ಮೀನಾಗ್ಬುಟ್ಟದೆ," ಎಂದಳು ಅಕ್ಕ, ಒಳಗಿಂದ.

ಹರಿದ ಬಲೆಯನ್ನು ತೆಂಗಿನ ತಲೆಗೆ ತುರುಕುವುದು ನಮ್ಮ ದಡದ ಮನೆಗಳಲ್ಲಿ ಮಾಡುವ ಕೆಲಸ. ಒಳನಾಡಿನ ರೈತರು ಗರಿಯ ಕಂಕುಳಿಗೆ ಮರಳು, ಬೇವಿನ ಹಿಂಡಿ ಹಾಕುತ್ತಾರೆ. ಮೀನುಗಾರರ ಮನೆಯಲ್ಲಿ ಯಾವಾಗಲೂ ಇರುವುದು ಹರಿದ ಬಲೆ. ಅದನ್ನು ಮುದ್ದೆ ಮಾಡಿ ಗರಿ ಮತ್ತು ಕಾಂಡದ ನಡುವೆ ಒತ್ತಿಟ್ಟರೆ, ಸುಳಿ ಕೊರೆಯಲು ಬರುವ ದುಂಬಿ ಅದರಲ್ಲಿ ಸಿಕ್ಕಿಬೀಳುತ್ತದೆ. ಅದರ ಕಾಲುಗಳಲ್ಲಿ ಮುಳ್ಳಿವೆ, ತಲೆಯ ಮೇಲೆ ಹಿಂದಕ್ಕೆ ಬಾಗಿದ ಕೊಂಬಿದೆ. ಒದ್ದಾಡಿದಷ್ಟೂ ನೂಲು ಬಿಗಿಯುತ್ತದೆ. ಇದು ನಿಜಕ್ಕೂ ಕೆಲಸ ಮಾಡುವ ಉಪಾಯ. ಇದರಲ್ಲಿ ಒಂದೇ ಒಂದು ತೊಂದರೆ: ಬಲೆ ಹಾಕುವವನು ಬಲೆಗೆ ಬಿದ್ದದ್ದನ್ನು ನೋಡಿ ಕೆಲಸ ಹೇಗೆ ನಡೆದಿದೆ ಎಂದು ತಿಳಿಯುತ್ತಾನೆ. ಸಮುದ್ರದಲ್ಲಿ ಅದು ಸರಿಯಾದ ಲೆಕ್ಕ.

ಬಾವನ ಚಿಂತೆ ಬಿದ್ದ ಮರದ ಬಗ್ಗೆ ಆಗಿರಲಿಲ್ಲ. ಅದು ಗಿಡ್ಡ ಮರ, ಅದರ ಕಾಯಿ ಮನೆಯ ಸಾರಿಗೆ ಸಾಕಾಗುತ್ತಿತ್ತು, ಅಷ್ಟೆ. ಮನೆಯ ಪಡುವಣ ಮೂಲೆಯಲ್ಲಿ, ಮರಳು ಶುರುವಾಗುವಲ್ಲಿ, ಇನ್ನೊಂದು ಮರವಿತ್ತು. ಅವರ ಅಜ್ಜ ನೆಟ್ಟದ್ದು, ಸುತ್ತಲಿನ ಎಲ್ಲ ಮರಗಳಿಗಿಂತ ಎತ್ತರ. ಬೆಳಂಬಾರದ ಆ ಭಾಗದಲ್ಲಿ ದಡಕ್ಕೆ ಬರುವ ದಾರಿಯಲ್ಲಿ ನೀರಿನಡಿ ಬಂಡೆಗಳಿವೆ. ಭರತದಲ್ಲಿ, ನೀರು ಏರಿದಾಗ, ಅವು ಕಾಣುವುದಿಲ್ಲ. ದೋಣಿಯ ಮೂತಿಯನ್ನು ತಿರುಗಿಸುತ್ತಾ ಬಂದು, ಈ ಮರ ಹಿಂದಿನ ಗುಡ್ಡದ ತಗ್ಗಿನಲ್ಲಿ ಸರಿಯಾಗಿ ಕೂತ ಹಾಗೆ ಕಂಡಾಗ ನೇರ ಹೊಡೆದರೆ ಬಂಡೆ ಎಡಕ್ಕೆ ಉಳಿಯುತ್ತದೆ. ಬಾವ ಮಾತ್ರವಲ್ಲ, ಆ ದಡದ ಸಣ್ಣ ದೋಣಿಗಳೆಲ್ಲ ಹಾಗೆಯೇ ಬರುತ್ತಿದ್ದವು.

"ಈ ಮರಕ್ಕೂ ಹುಳ ಹತ್ತಿದ್ರೆ ನಾವು ಎಂತಾ ಕಂಡು ಬರೂದು?" ಎಂದು ಕೇಳಿದರು ಬಾವ. "ಗುಡ್ಡ ಅಂತೂ ಅಷ್ಟು ಅಗಲ ಅದೆ. ಅದ್ರಲ್ಲಿ ತಗ್ಗು ಯಾವ್ದು ಅಂತ ತೋರ್ಸೂದೇ ಇದು."

ನಾನು ಕಾರವಾರಕ್ಕೆ ಮರಳಿ ಒಂದು ಸಣ್ಣ ವರದಿ ಕಳಿಸಿದೆ: ಕರಾವಳಿಯಲ್ಲಿ ತೆಂಗಿಗೆ ಹುಳಬಾಧೆ. ಸಂಜೆ ಹುಬ್ಬಳ್ಳಿಯ ಡೆಸ್ಕಿನಿಂದ ಫೋನ್ ಬಂತು. ಅಲ್ಲಿ ನಮ್ಮ ಜಿಲ್ಲೆಯ ಪುಟ ನೋಡಿಕೊಳ್ಳುತ್ತಿದ್ದವರು ಹಿರಿಯ ಉಪಸಂಪಾದಕರು. ಅವರ ಧ್ವನಿ ಯಾವತ್ತೂ ಏರಿದ್ದನ್ನು ನಾನು ಕೇಳಿಲ್ಲ.

"ಹುಳ ಅಂದ್ರ ಯಾವುದ್ರೀ?"

"ಹುಳ ಅಂದ್ರೆ ತೆಂಗಿನ ಹುಳ, ಸರ್."

"ಆರೋಪಿ ಹೆಸರಿಲ್ದ ಸುದ್ದಿ ಹಾಕಾಂಗಿಲ್ಲ. ಒಬ್ಬನೋ ಇಬ್ಬರೋ, ಅದನ್ನರ ತಿಳಕೊಂಡು ಹೇಳ್ರಿ."

ವರದಿ ಅಚ್ಚಾಗಲಿಲ್ಲ. ಆದರೆ ಆ ಪ್ರಶ್ನೆ ನನ್ನ ಬಳಿಯೇ ಉಳಿಯಿತು. ಮಾಜಾಳಿಯ ನಮ್ಮ ಮನೆಯ ಕೊಂಕಣಿಯಲ್ಲಿ ಅದು ಕಿಡೊ, ಅಕ್ಕನ ಮನೆಯ ಕನ್ನಡದಲ್ಲಿ ಹುಳ. ಮೀನಿನಲ್ಲಿ ನಾವು ಒಂದೇ ಜಾತಿಯ ಮರಿಗೆ ಒಂದು ಹೆಸರು, ದೊಡ್ಡದಕ್ಕೆ ಇನ್ನೊಂದು ಹೆಸರು ಇಟ್ಟವರು. ಮರ ತಿನ್ನುವುದಕ್ಕೆ ಮಾತ್ರ ಎರಡೂ ಭಾಷೆಯಲ್ಲಿ ಒಂದೊಂದೇ ಪದ.

ಮುಂದಿನ ವಾರ ಬೆಳಂಬಾರದಲ್ಲಿ ಎರಡು ಉಪ್ಪಿನಕಾಯಿ ಬಾಟಲಿ ತುಂಬಿಕೊಂಡೆ. ಒಂದರಲ್ಲಿ ಬಲೆಯಿಂದ ಜೀವಂತ ಬಿಡಿಸಿದ ಕಪ್ಪು ದುಂಬಿ. ಇನ್ನೊಂದರಲ್ಲಿ ಬಿದ್ದ ಮರದ ನಾರಿನಲ್ಲಿ ಸಿಕ್ಕ ಕೆಂಪು ಹುಳಗಳ ಒಂದು ಜೋಡಿ. ಅಂಕೋಲೆಯಲ್ಲಿ ತೋಟಗಾರಿಕೆಯ ಅಧಿಕಾರಿಯೊಬ್ಬರು ನೋಡಿ ಹೆಸರು ಹೇಳಿದರು. ಕಪ್ಪಿನದು ಕುರುವಾಯಿ, ಕೆಂಪಿನದು ಕೆಂಪು ಮೂತಿ ಹುಳ. ನಮ್ಮ ಮನೆಯಲ್ಲಿ ಅವು ಕೊಂಬಿನದು, ಮೂತಿಯದು ಎಂದಾದವು.

ಬಾಟಲಿಗಳು ಕಾರವಾರದ ಕಚೇರಿಯಲ್ಲಿ ನನ್ನ ಮೇಜಿನ ಮೇಲೆ ಇದ್ದವು. ಪಕ್ಕದ ಕಬ್ಬಿನ ಹಾಲಿನ ಅಂಗಡಿಯಿಂದ ತುಂಡು ಕಬ್ಬು ತಂದು ಹಾಕುತ್ತಿದ್ದೆ. ಕೊಂಬಿನದು ಹಗಲು ಪೂರ್ತಿ ತೆಂಗಿನ ನಾರಿನಡಿ ಹೂತು ಮಲಗುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಏಳುತ್ತಿತ್ತು. ಎದ್ದು ಮೊದಲು ಮಾಡುವ ಕೆಲಸ ಮುಚ್ಚಳವನ್ನು ಎತ್ತಿ ನೋಡುವುದು. ಸಡಿಲವಿದ್ದರೆ ಮುಚ್ಚಳದ ಮೇಲಿಟ್ಟ ಅಂಟಿನ ಸೀಸೆಯ ಸಮೇತ ಎತ್ತುತ್ತಿತ್ತು. ಮೂತಿಯದು ಬೆಳಿಗ್ಗೆ ನಾನು ಬಾಗಿಲು ತೆಗೆಯುವಾಗಲೇ ಕಬ್ಬಿನ ಮೇಲೆ ಓಡಾಡುತ್ತಿತ್ತು.

"ಒಬ್ನಿಗೆ ಡೇ ಶಿಫ್ಟು, ಒಬ್ನಿಗೆ ನೈಟು," ಎಂದ ನಮ್ಮ ಛಾಯಾಗ್ರಾಹಕ. "ಇಬ್ರೂ ನಿನ್ಕಿಂತ ಟೈಮಿಗೆ ಸರಿಯಾಗಿ ಬರ್ತಾರೆ ಮಾರಾಯಾ."

ನೋಡಿದಷ್ಟೂ ಅವು ಎರಡೂ ಒಂದಕ್ಕೊಂದು ತಿರುವುಮುರುವಾಗಿ ಕಂಡವು. ಕೊಂಬಿನದು ಬಲದ ಜೀವ. ಕೈಯಲ್ಲಿ ಹಿಡಿದರೆ ಬೆರಳುಗಳ ನಡುವಿನಿಂದ ತಳ್ಳಿಕೊಂಡು ಹೊರಬರುತ್ತದೆ. ಬೆನ್ನು ಒತ್ತಿದರೆ ಕೀಚ್ ಎಂದು ಗೊಣಗುತ್ತದೆ. ಅದು ಮರದ ತಲೆಗೆ ಹೋಗುವುದು ಊಟಕ್ಕೆ ಮಾತ್ರ. ಇನ್ನೂ ಬಿಚ್ಚದ ಸುಳಿಯನ್ನು ಅಡ್ಡ ಕೊರೆದು ರಸ ಕುಡಿಯುತ್ತದೆ. ತಿಂಗಳುಗಳ ನಂತರ ಆ ಗರಿ ಬಿಚ್ಚಿಕೊಂಡಾಗ ಕಾಗದವನ್ನು ಮಡಚಿ ಕತ್ತರಿಸಿದ ಹಾಗೆ ಎರಡೂ ಬದಿ ಒಂದೇ ಅಳತೆಯ ಕೊಯ್ತ ಕಾಣುತ್ತದೆ. ಮೊಟ್ಟೆ ಇಡಲು ಅದು ಕೆಳಗಿಳಿದು ಗೊಬ್ಬರ ಗುಂಡಿಗೋ, ಕೊಳೆತ ದಿಮ್ಮಿಗೋ ಹೋಗುತ್ತದೆ. ಅದರ ಮರಿಗಳು ಅಲ್ಲಿ ಸಗಣಿ ಮತ್ತು ಕೊಳೆ ತಿಂದು ಬೆಳೆಯುತ್ತವೆ. ಅವು ಹಸಿ ಮರವನ್ನು ಮುಟ್ಟುವುದಿಲ್ಲ.

ಮೂತಿಯದು ಬಲ ತೋರಿಸುವುದಿಲ್ಲ. ತೆಳ್ಳಗೆ, ನುಣ್ಣಗೆ, ತುಕ್ಕಿನ ಬಣ್ಣ. ಎದೆಯ ಮೇಲೆ ಕಪ್ಪು ಚುಕ್ಕೆಗಳು. ಮುಖದ ಬದಲಿಗೆ ಬಾಗಿದ ಉದ್ದ ಮೂತಿ. ಗಂಡಿನ ಮೂತಿಯ ಮೇಲೆ ಬ್ರಷ್ಷಿನಂಥ ಸಣ್ಣ ಕೂದಲು, ಹೆಣ್ಣಿನದು ಬೋಳು. ಹೆಣ್ಣು ಕಬ್ಬಿನ ಕತ್ತರಿಸಿದ ಕಡೆಯನ್ನು ಹುಡುಕಿ, ಮೂತಿಯಿಂದ ಒಂದು ತೂತು ಕೊರೆದು, ನಿಧಾನ ತಿರುಗಿ, ಅದರಲ್ಲಿ ಮೊಟ್ಟೆ ಇಟ್ಟು ಮುಂದೆ ಹೋಗುವುದನ್ನು ನಾನು ಒಂದು ಮಧ್ಯಾಹ್ನ ಪ್ರೂಫ್ ನೋಡುವುದನ್ನು ಬಿಟ್ಟು ನೋಡಿದೆ. ಹೊಲಿಗೆಯವರು ಗುಂಡಿ ಹಚ್ಚುವಾಗಿನ ಗಮನ ಅದಕ್ಕಿತ್ತು. ಸಿಪ್ಪೆಯ ಮೇಲೆ ಒಮ್ಮೆಯೂ ಕೊರೆಯಲಿಲ್ಲ. ಅದಕ್ಕೆ ಬೇಕಾದದ್ದು ಗಾಯ. ಮೊಟ್ಟೆಯಿಂದ ಬಂದ ಮರಿ ಒಳಗೇ ತಿಂದು, ಒಳಗೇ ಬೆಳೆದು, ಕೊನೆಗೆ ಮರದ ನಾರನ್ನೇ ಸುತ್ತಿ ಸುತ್ತಿ ಗೂಡು ಕಟ್ಟಿಕೊಳ್ಳುತ್ತದೆ. ಬಿದ್ದ ಮರದಲ್ಲಿ ಸಿಕ್ಕ ಅಂಥ ಒಂದು ಗೂಡನ್ನು ಬಾವ ಬೆರಳಲ್ಲಿ ಉರುಳಿಸಿ ನೋಡಿ, ಹುರಿ ಹೊಸೆಯುವ ತನ್ನ ಅಣ್ಣನಿಗಿಂತ ಇದು ವಾಸಿ ಎಂದಿದ್ದರು.

ಅಂದರೆ ಒಂದರಲ್ಲಿ ಮರ ತಿನ್ನುವುದು ದೊಡ್ಡದು, ಮರಿ ನಿರಪರಾಧಿ. ಇನ್ನೊಂದರಲ್ಲಿ ಮರಿಗಳೇ ತಿನ್ನುವವು, ದೊಡ್ಡದು ದಾರಿ ಹುಡುಕಿಕೊಡುತ್ತದೆ. ಒಂದು ಬಂದದ್ದು ಕತ್ತರಿಸಿದ ಗರಿಯಿಂದ ಊರಿಗೆಲ್ಲ ಗೊತ್ತಾಗುತ್ತದೆ, ಮರ ಸಾಮಾನ್ಯವಾಗಿ ಬದುಕುತ್ತದೆ. ಇನ್ನೊಂದು ಬಂದದ್ದು ಗೊತ್ತಾಗುವುದೇ ಮರ ಹೋಗುವಾಗ. ಮತ್ತು ಎರಡನೆಯದಕ್ಕೆ ಬಾಗಿಲು ತೆರೆದಿಡುವುದು ಮೊದಲನೆಯದು. ಕೊಂಬಿನದು ಕೊರೆದ ತೂತಿನಿಂದ ಬರುವ ಹಸಿ ರಸದ ವಾಸನೆ ಹಿಡಿದು ಮೂತಿಯದು ಬರುತ್ತದೆ. ಕೊಂಬಿನದನ್ನು ಕಬ್ಬಿಣದ ಕೊಕ್ಕೆ ಹಾಕಿ ಎಳೆದು ತೆಗೆದರೆ ಆ ತೂತು ಇನ್ನೂ ದೊಡ್ಡದಾಗುತ್ತದೆ.

ಈ ಮಾತನ್ನು ಅಧಿಕಾರಿ ಅಂಕೋಲೆಯಲ್ಲಿ ಹೇಳಿದಾಗ ಬಾವ ನನ್ನ ಜೊತೆಯಲ್ಲಿದ್ದರು. ಅಧಿಕಾರಿಗೆ ಬಲೆಯ ಉಪಾಯ ಗೊತ್ತಿರಲಿಲ್ಲ, ಆಸಕ್ತಿಯಿಂದ ಕೇಳಿಕೊಂಡರು. ಬಾವನಿಗೆ ಗಾಯದ ವಿಷಯ ಗೊತ್ತಿರಲಿಲ್ಲ, ಅವರೂ ಕೇಳಿಕೊಂಡರು. ಮನೆಗೆ ಬಂದ ಮೇಲೆ ಬಾವ ಜಗುಲಿಯಲ್ಲಿ ಕೂತು, ಬಲೆಯ ಒಂದು ಮುದ್ದೆ ತಂದು, ಅದರ ಮೇಲೆ ಎರಡೂ ಹುಳಗಳನ್ನು ಬಿಡಲು ಹೇಳಿದರು. ಕೊಂಬಿನದು ಎರಡು ಹೆಜ್ಜೆ ಇಟ್ಟು ಸಿಕ್ಕಿಬಿತ್ತು, ಒದೆಯಿತು, ಇನ್ನಷ್ಟು ಸಿಕ್ಕಿತು. ಮೂತಿಯದು ಬಲೆಯ ಒಂದು ಕಣ್ಣಿನೊಳಗೆ ಇಳಿದು, ಇನ್ನೊಂದರಿಂದ ಹತ್ತಿ, ಬಲೆ ದಾಟಿ ಬಾವನ ಮೊಣಕಾಲ ಮೇಲೆ ಬಂತು.

ಬಾವ ಅದನ್ನು ಬಹಳ ಹೊತ್ತು ನೋಡಿದರು.

"ಇದು ಬೇರೆ ಜಾತಿ ಮೀನು ಮಾರಾಯಾ," ಎಂದರು. "ನಾನು ಬಂಗಡೆ ಬಲೆ ಬಿಟ್ಕೊಂಡು ಶೆಟ್ಲಿ ಎಲ್ಲ ಬಂತು ಅಂತ ಕೂತಿದ್ದೆ." ಶೆಟ್ಲಿ ಎಂದರೆ ಬಂಗಡೆ ಬಲೆಯ ಕಣ್ಣಿನಲ್ಲಿ ನುಸುಳಿಹೋಗುವ ಸಣ್ಣ ಸಿಗಡಿ.

"ನಿಮ್ಗೆ ಬಲೆ ಭಾರ ಆದ್ರೆ ಆಯ್ತು," ಎಂದಳು ಅಕ್ಕ. ಆಮೇಲೆ ಅವಳೇ ಇನ್ನೊಂದು ವಿಷಯ ಹೇಳಿದಳು. ಬಾವಿಯಲ್ಲಿ ನೀರು ಸೇದುವಾಗ ಮರದ ಕಡೆಯಿಂದ ಸಣ್ಣಗೆ ಕರಕರ ಶಬ್ದ ಬರುತ್ತಿತ್ತಂತೆ, ಯಾರೋ ಅವಲಕ್ಕಿ ಅಗಿದ ಹಾಗೆ. "ನಾನು ರಾಟೆ ಅಂದ್ಕಂಡಿ ತಮಾ. ಎಣ್ಣೆನೂ ಬಿಟ್ಟೆ."

ಅಷ್ಟರಲ್ಲಿ ಮನೆಯವರು ಇನ್ನೊಂದು ಕೆಲಸ ಮಾಡಿ ಮುಗಿಸಿದ್ದರು. ಬಿದ್ದ ಮರದ ಕಾಂಡವನ್ನು ಕಡಿಸಿ, ಗಟ್ಟಿಯಿದ್ದ ಬುಡದ ಭಾಗವನ್ನು ದೋಣಿ ಎಳೆಯುವಾಗ ಅಡಿಗೆ ಹಾಕುವ ಉರುಳುದಿಮ್ಮಿ ಮಾಡಿದ್ದರು. ಮೆತ್ತಗಿನ ಮೇಲ್ಭಾಗ ಅದಕ್ಕೆ ಬರುವುದಿಲ್ಲ. ಅದನ್ನು ದೋಣಿಯ ಮಗ್ಗುಲಲ್ಲೇ, ಬಲೆ ಹೆಣೆಯುವಾಗ ಕೂರಲಿಕ್ಕೆ ಆಯಿತು ಎಂದು, ಬಿಟ್ಟಿದ್ದರು. ದಡದ ಮನೆಯಲ್ಲಿ ಮರ ಎನ್ನುವುದನ್ನು ಯಾರೂ ಸುಡುವುದಿಲ್ಲ, ಯಾವುದಾದರೂ ಒಂದು ದಿನ ದೋಣಿಗೆ ಬೇಕಾಗುತ್ತದೆ. ಆ ತುಂಡು ಒಂದು ಮಳೆಗಾಲ ನೆನೆಯಿತು, ಒಂದು ಬೇಸಿಗೆ ಕಾಯಿತು. 2006ರ ಮೇ ತಿಂಗಳಲ್ಲಿ ಬಾವ ಅದರ ಮೇಲೆ ಕೂತಾಗ ಅದು ಕುಸಿಯಿತು. ಒಳಗೆ ಕೊಂಬಿನದರ ಬಿಳಿ ಮರಿಗಳು, ಮೈ ಮುದುಡಿಕೊಂಡು, ಒಂದರ ಪಕ್ಕ ಒಂದು. ಅಲ್ಲಿಂದ ಆ ಎತ್ತರದ ಮರದ ಬುಡ ಕೂಗಿದರೆ ಕೇಳುವಷ್ಟು ಹತ್ತಿರ.

ಆ ದಿನವೇ ಸುಟ್ಟರು. ಮರಿಗಳನ್ನು ಕೋಳಿಗೆ ಹಾಕಿದರು. ಆದರೆ ರೆಕ್ಕೆ ಬಂದವು ಆಗಲೇ ಹೋಗಿದ್ದವು. ಜೂನ್ ಕೊನೆಯಲ್ಲಿ ಎತ್ತರದ ಮರದ ಬುಡದಲ್ಲಿ ಅಗಿದು ಉಗುಳಿದಂಥ ನಾರು ಬಿದ್ದದ್ದನ್ನು ಅಕ್ಕ ನೋಡಿದಳು.

ಆ ಬಾರಿ ನಾನು ಅಲ್ಲೇ ಇದ್ದೆ. ಕಾಯಿ ಕೊಯ್ಯುವ ಕೆಲಸದವರೊಬ್ಬರು ಆ ಊರಿನಲ್ಲಿದ್ದರು, ವಯಸ್ಸಾದವರು. ಅವರು ಬಂದು ಕೊಕ್ಕೆ ಸರಿಮಾಡಿಕೊಳ್ಳುತ್ತಿದ್ದರು. ತೂತಿನಲ್ಲಿರುವುದು ಕೊಂಬಿನದು ಮಾತ್ರವೋ, ಅದರ ಹಿಂದೆ ಮೂತಿಯದೂ ಬಂದು ಮರಿ ಮಾಡಿದೆಯೋ ಎನ್ನುವುದು ಮೊದಲು ತಿಳಿಯಬೇಕಿತ್ತು. ಅದಕ್ಕೆ ಮೇಲೆ ಹೋಗಿ ಮರಕ್ಕೆ ಕಿವಿಯಿಟ್ಟು ಕೇಳುವುದಲ್ಲದೆ ಬೇರೆ ದಾರಿ ನಮಗೆ ಗೊತ್ತಿರಲಿಲ್ಲ.

"ಇವ್ರ ಕಿವಿ ಮೇಲೆ ನಂಗೆ ನಂಬ್ಕೆ ಇಲ್ಲ," ಎಂದರು ಬಾವ, ಅವರ ಎದುರಿಗೇ. "ಊಟಕ್ಕೆ ಕರದ್ರೆ ಮಾತ್ರ ಕೇಳ್ತದೆ."

"ಎಂತಾ ಅಂದಿ?" ಎಂದರು ಆ ಹಿರಿಯರು.

"ಎಂತಾ ಇಲ್ಲ ಅಣ್ಣಾ. ನಾನೇ ಹತ್ತೂದು ಅಂದೆ."

"ಹತ್ತು. ಬೀಳೂದಾದ್ರೆ ಬಲೆ ಹರಡ್ಕಂಡು ಬೀಳು, ಹೆಂಗೂ ನಿಂಗೆ ಎಲ್ಲಾದಕ್ಕೂ ಬಲೆನೇ ಅಲ್ವಾ."

ಬಾವ ಹತ್ತಿದರು. ಮೀನುಗಾರನಾದರೂ ಮರಕ್ಕೆ ಹೊಸಬರಲ್ಲ. ಮೇಲೆ ತಲುಪಿ, ಗರಿಗಳ ನಡುವೆ ಕೂತು, ಒಂದು ಕೆನ್ನೆಯನ್ನು ಸುಳಿಯ ಬುಡಕ್ಕೆ ಒತ್ತಿದರು. ಕೆಳಗೆ ಅಕ್ಕ ಕೋಳಿಗಳನ್ನು ಗೂಡಿಗೆ ಅಟ್ಟಿದಳು, ಸದ್ದಾಗದಿರಲಿ ಎಂದು. ಸಮುದ್ರದ ಸದ್ದನ್ನು ನಿಲ್ಲಿಸುವುದು ಯಾರಿಂದಲೂ ಆಗದು. ಬಾವ ಇನ್ನೊಂದು ಕೆನ್ನೆ ಒತ್ತಿದರು. ಜಾಗ ಬದಲಿಸಿ ಮತ್ತೆ ಒತ್ತಿದರು. ತೂತಿನ ಹತ್ತಿರ ಮೂಗಿಟ್ಟು ಮೂಸಿದರು.

"ಕಳ್ಳಿನ ವಾಸ್ನೆ ಇಲ್ಲ," ಎಂದು ಕೂಗಿ ಹೇಳಿದರು. "ಹಸಿ ವಾಸ್ನೆ. ಅಗಿಯೂದು ಕೇಳ್ತಾ ಇಲ್ಲ. ಒಬ್ನೇ ಅವ್ನೆ, ಕೆರಿತಾ ಅವ್ನೆ."

ಕೊಕ್ಕೆ ಹಾಕಿದಾಗ ಬಂದದ್ದು ಒಂದೇ ದುಂಬಿ, ಕೊಂಬಿನದು, ಗಂಡು. ಬಾವ ಅದನ್ನು ಕೆಳಗೆ ಎಸೆಯದೆ ಅಂಗಿಯ ಕಿಸೆಗೆ ಹಾಕಿಕೊಂಡರು. ಆಮೇಲೆ ಹಗ್ಗದಲ್ಲಿ ಡಬ್ಬಿ ಮೇಲಕ್ಕೆಳೆದುಕೊಂಡರು. ಅದರಲ್ಲಿ ದೋಣಿಯ ಅಡಿಗೆ ಬಳಿಯುವ ಟಾರು, ಮರಳು ಬೆರೆಸಿದ್ದು. ಗಾಯವನ್ನು ಅದೇ ದಿನ ಮುಚ್ಚಬೇಕು, ವಾಸನೆ ಹೊರಡುವ ಮೊದಲು, ಎಂದು ಅಧಿಕಾರಿ ಹೇಳಿದ್ದರು. ಯಾವುದರಿಂದ ಎಂದು ಬಾವ ಅವರನ್ನು ಕೇಳಲಿಲ್ಲ. ನೀರು ಒಳಬರುವ ತೂತು ಮುಚ್ಚುವುದು ಅವರ ಮನೆಯ ಕೆಲಸ. ತೂತಿನ ಒಳಗೆ ಬೆರಳಿನಿಂದ ತುಂಬಿ, ಅಂಚಿನಿಂದ ಹೊರಕ್ಕೆ ಹರಡಿ, ಕೊನೆಗೆ ಹೆಬ್ಬೆರಳಿನಿಂದ ನುಣ್ಣಗೆ ಮಾಡಿದರು. ದೋಣಿಯ ಬಿರುಕಿಗೆ ಮಾಡುವಾಗಲೂ ಅವರ ಕೈ ಹಾಗೆಯೇ ಹೋಗುವುದನ್ನು ನಾನು ನೋಡಿದ್ದೇನೆ. ನಂತರ ಗರಿಗಳ ಬುಡಕ್ಕೆ ಬಲೆಯನ್ನೂ ತುರುಕಿದರು. ಒಂದನ್ನು ಹಿಡಿಯಲು ಬಲೆ, ಇನ್ನೊಂದು ಬರದಿರಲು ಟಾರು.

ಮರುದಿನ ಹತ್ತು ಗಂಟೆಯ ಬಿಸಿಲಿಗೆ ಬಾವ ಮತ್ತೆ ಹತ್ತಿದರು, ಟಾರು ಬಿರಿದಿದೆಯೋ ನೋಡಲು. ಇಳಿಯಲು ತಡವಾಯಿತು. ಇಳಿದು ಬಂದು ಕೈ ತೊಳೆಯುತ್ತಾ ಹೇಳಿದರು. ಗಾಯದ ಮೇಲೆ ಒಂದು ಮೂತಿಯದು ಕೂತಿತ್ತಂತೆ. ಬಂದದ್ದು ನಿನ್ನೆಯ ವಾಸನೆಗೋ ಏನೋ. ಟಾರಿನ ಅಂಚಿನ ಸುತ್ತ ನಡೆಯಿತು, ಮೂತಿ ಊರಿ ಊರಿ ನೋಡಿತು, ಮತ್ತೆ ಸುತ್ತಿತು. ಒಂದು ಕಡೆ ನಿಂತು ಒತ್ತಿತು. ಬಾವ ಕೈ ಎತ್ತಲಿಲ್ಲ.

"ಯಾಕೆ ಹಿಡೀಲಿಲ್ಲ?" ಎಂದು ಕೇಳಿದೆ.

"ಅದು ಒಂದೂ ಬಿಡದೆ ತಪಾಸ್ ಮಾಡ್ತಾ ಇತ್ತು. ನಂಗೂ ಗೊತ್ತಾಗ್ಬೇಕಿತ್ತು, ಎಲ್ಲಾದ್ರೂ ಬಿಟ್ಟಿನೋ ಅಂತ." ಅದು ಹಾರಿಹೋದದ್ದು ತೆಂಕು ದಿಕ್ಕಿಗೆ, ನೇರವಾಗಿ, ಎಂದರು. "ಹಾರೂದು ಚಂದ ಮಾರಾಯಾ. ಕೊಂಬಿಂದು ಹಾರೂದು ಕಲ್ಲು ಬಿಸಾಡ್ದ ಹಾಗೆ. ಇದು ಹಂಗಲ್ಲ."

"ಅದ್ರ ಹಿಂದೆ ನೀವೂ ಹಾರ್ಬೇಕಾಗಿತ್ತು," ಎಂದಳು ಅಕ್ಕ. ಅವಳ ದನಿಯಲ್ಲಿ ಸಿಟ್ಟಿತ್ತು. ಆ ಮರ ಕಾಣದ ದಿನ ದಡದಲ್ಲಿ ನಿಂತು ಕಾಯಬೇಕಾದವಳು ಅವಳು. ಮರುವಾರ ಅವಳೇ ತೆಂಕು ಕಡೆಯ ಮನೆಗಳಿಗೆ ಹೋಗಿ, ಮೀನಿನ ಬುಟ್ಟಿ ಇಳಿಸಿ, ಕೊಕ್ಕೆ ಹಾಕಿದ ಮೇಲೆ ತೂತು ಮುಚ್ಚಬೇಕು, ಬಿದ್ದ ಮರ ಇಟ್ಟುಕೊಳ್ಳಬಾರದು ಎಂದು ಹೇಳಿ ಬಂದಳು. ಯಾವ ಹುಳ ಎಂದು ಕೇಳಿದವರಿಗೆ ಎರಡು ಬೆರಳು ತೋರಿಸುತ್ತಿದ್ದಳು. ಒಂದನ್ನು ಹಣೆಯ ಮೇಲಿಟ್ಟು ಹಿಂದಕ್ಕೆ ಬಾಗಿಸಿ, ಇನ್ನೊಂದನ್ನು ಮೂಗಿನ ಕೆಳಗೆ ಇಳಿಬಿಟ್ಟು.

ನನ್ನ ವರದಿ ಆ ಆಗಸ್ಟ್‌ನಲ್ಲಿ ಅಚ್ಚಾಯಿತು. ಆರೋಪಿಗಳು ಇಬ್ಬರು, ಇಬ್ಬರ ಹೆಸರೂ ಇತ್ತು. ಡೆಸ್ಕಿನ ಹಿರಿಯರು ಫೋನ್ ಮಾಡಲಿಲ್ಲ. ಅವರು ಮೆಚ್ಚಿದಾಗ ಫೋನ್ ಮಾಡುತ್ತಿರಲಿಲ್ಲ.

ಬಾವ ಪ್ರತಿ ಮಳೆಗಾಲಕ್ಕೆ ಮೊದಲು ಮರ ಹತ್ತಿ ಕಿವಿಯಿಡುತ್ತಿದ್ದರು. ದೋಣಿಗೆ ಟಾರು ಕಾಯಿಸಿದ ದಿನವೇ ಮರಕ್ಕೂ ಒಂದು ಡಬ್ಬಿ ಎತ್ತಿಡುತ್ತಿದ್ದರು. 2007ರಲ್ಲಿ ಬೇಕಾಗಲಿಲ್ಲ. 2008ರಲ್ಲಿ ಒಂದು ತೂತು ಮುಚ್ಚಿದರು.

ನಾನು ಆ ಮರವನ್ನು ಕೊನೆಯ ಬಾರಿ ಸಮುದ್ರದ ಕಡೆಯಿಂದ ನೋಡಿದ್ದು 2009ರ ಡಿಸೆಂಬರಿನಲ್ಲಿ, ಬಾವನ ದೋಣಿಯಲ್ಲಿ ಕೂತು. ಭರತವಿತ್ತು, ಬಂಡೆ ಕಾಣುತ್ತಿರಲಿಲ್ಲ. ಮರ ಗುಡ್ಡದ ತಗ್ಗಿನಲ್ಲಿ ಕೂತಿತು, ಬಾವ ನೇರ ಹೊಡೆದರು. ದಡಕ್ಕೆ ಬಂದು ನೋಡಿದಾಗ ಹೊಸದಾಗಿ ಬಿಚ್ಚಿದ ಒಂದು ಗರಿಯಲ್ಲಿ, ಎರಡೂ ಬದಿಗೆ ಒಂದೇ ಅಳತೆಯಲ್ಲಿ, ಕೊಂಬಿನದರ ಕತ್ತರಿಯ ಗುರುತಿತ್ತು.